ಬಣ್ಣ ಬಿಡದ ನಾಯಿ

ಮೂವತ್ತೊಂದು ವರ್ಷ ವಾಲ್ಪರೈಸೊ ಬಂದರಿನ ಆಸ್ಪತ್ರೆಯಲ್ಲಿ
ಕಾಣದ ನರಗಳನ್ನು ಬೆರಳಲ್ಲೇ ಹುಡುಕಿ
ಸೂಜಿ ಚುಚ್ಚಿದವಳು ನಾನು, ಎರ್ಮಿಂದಾ.
ಈಗ ಪಿಂಚಣಿ. ಈಗ ನನಗೊಬ್ಬನೇ ರೋಗಿ:
ಊಟದ ಮೇಜಿನ ತುದಿಯಲ್ಲಿ ಕೂತ ಬೂದು ಪ್ರಿಂಟರು.

ಎಲೆಯುತೇರಿಯೊ ತಂದದ್ದು ಅದನ್ನು, ಅರ್ಧ ಬೆಲೆಗೆ.
ಜೊತೆಗೆ ಬಂದ ಶಾಯಿ ಮುಗಿದ ದಿನ ಗೊತ್ತಾಯಿತು
ಕುದುರೆ ಪುಕ್ಕಟೆ, ಹುಲ್ಲಿಗೆ ಬಂಗಾರದ ದರ.
"ಖಾಲಿ ಡಬ್ಬಿಗೇ ತುಂಬಿಸೋಣ" ಎಂದೆ.
"ಅಸಲಿಯೇ ಆಗಬೇಕು" ಎಂದ.
ಹಡಗುಗಳಿಗೆ ಬಣ್ಣ ಬಳಿದು ಮುದುಕನಾದವನು;
ಅಗ್ಗದ ಬಣ್ಣ ಉಪ್ಪುಗಾಳಿಗೆ
ಹೇಗೆ ಹಕ್ಕಳೆಯೇಳುತ್ತದೆಂದು ಬಲ್ಲ.
ನಾನೂ ಬಲ್ಲೆ, ತಿಂಗಳ ಕೊನೆ ಹೇಗಿರುತ್ತದೆಂದು.

ದೋನ್ ಬಾಲ್ಬಿನೊ ಅಂಗಡಿಯಿಂದ ನಾಲ್ಕು ಸೀಸೆ ತಂದೆ,
ಒಂದು ಕಿಲೋ ಮೀನಿಗಿಂತ ಕಡಿಮೆಗೆ.
ಅಂಟುಚೀಟಿ ಎಬ್ಬಿಸಿ, ತೂತು ಹುಡುಕಿ, ಮೆಲ್ಲಗೆ, ಮೆಲ್ಲಗೆ.
ಗಾಳಿಗುಳ್ಳೆ ಹೋಗಬಾರದು, ಇಲ್ಲೂ ಅದೇ ನಿಯಮ.
ಕಪ್ಪು, ನೀಲಿ, ಹಳದಿ. ಕೆಂಪು ತುಸು ಉಕ್ಕಿ
ಮಣಿಕಟ್ಟಿಗಿಳಿದಾಗ
ಹಟ ಮರೆತು ಓಡಿ ಹತ್ತಿ ತಂದ.

ಯಂತ್ರ ಮಾತ್ರ ನಂಬಲಿಲ್ಲ.
ತುಂಬಿ ತುಳುಕುವ ಡಬ್ಬಿ ಹೊಟ್ಟೆಯಲ್ಲಿಟ್ಟುಕೊಂಡು
"ಖಾಲಿ, ಖಾಲಿ" ಎಂದು ಕೆಂಪು ದೀಪ ಮಿಟುಕಿಸಿತು.
ಒಳಗೊಂದು ಚಿಪ್ ಇದೆಯಂತೆ,
ಎಣಿಸುವುದು ಹಾಳೆಯನ್ನು, ಶಾಯಿಯನ್ನಲ್ಲ.
ಇಂಥ ಡಾಕ್ಟರರನ್ನು ಕಂಡಿದ್ದೇನೆ:
ಚೀಟಿ ಓದುವವರು, ಮುಖವನ್ನಲ್ಲ.
ಗುಂಡಿಯೊಂದನ್ನು ಒತ್ತಿ ಹಿಡಿದು ಸುಮ್ಮನಾಗಿಸಿದೆ.

ಗುಡ್ಡದವರ ಕೆಲಸಕ್ಕೆ ನನ್ನ ಶಾಯಿ ಸಾಕಿತ್ತು:
ಗುರುವಾರ ನೀರು ಬರುವುದಿಲ್ಲ;
ಭಾನುವಾರ ಸಂತ ಪೇದ್ರೊ ಬೀದಿಯಲ್ಲಿ ಹಳೆಬಟ್ಟೆ ಮಾರಾಟ.
ಕಡಲಿನ ಮಂಜು ಎರಡು ದಿನ ನೆಕ್ಕಿದರೆ
ಅಕ್ಷರ ಇಳಿಯುತ್ತಿತ್ತು ನಿಜ,
ಅಷ್ಟರಲ್ಲಿ ಗುರುವಾರವೂ ಮುಗಿದಿರುತ್ತಿತ್ತು.

ಆಮೇಲೆ ಒಂದು ಆಗಸ್ಟಿನ ಚಳಿಯಲ್ಲಿ ನಾಯಿ ಕಳೆಯಿತು.
ಕೊಚಯೂಯೊ. ಒಣಗಿದ ಕಡಲಪಾಚಿಯ ಬಣ್ಣ, ಅದಕ್ಕೇ ಆ ಹೆಸರು.
ಒಂದು ಕಿವಿ ಬಿಳಿ.
ನನ್ನ ಶಾಯಿಯಲ್ಲಿ ಅದು ನೇರಳೆ ನಾಯಿಯಾಯಿತು,
ಮರುದಿನದ ಮಂಜಿಗೆ ಗೋಡೆಯಿಂದ ಗೋಡೆಗೆ ಅತ್ತಿತು.
ಎಲೆಯುತೇರಿಯೊ ಏನೂ ಅನ್ನಲಿಲ್ಲ.
ಇನ್ನೂರ ಹದಿನಾಲ್ಕು ಮೆಟ್ಟಿಲು ಇಳಿದು
ಚಳಿಗಾಲದ ಬೂಟಿಗಿಟ್ಟ ದುಡ್ಡಲ್ಲಿ
ಅಸಲಿ ಡಬ್ಬಿಗಳನ್ನು ತಂದ.
ಇಪ್ಪತ್ತೈದು ಹಾಳೆ.
ಕೂಗಿದರೆ ತಿರುಗಿ ನೋಡುವ ಹಾಗಿತ್ತು.

ಮೂರನೇ ದಿನ ತಾನೇ ಬಂತು, ಮೀನು ನಾರುತ್ತಾ.
ನೆನಪಿದ್ದಷ್ಟು ಹಾಳೆ ಕಿತ್ತು ತಂದೆವು,
ಮರೆತವು ಗೋಡೆಯ ಮೇಲೇ ಉಳಿದವು.

ಎರಡು ವರ್ಷ ಫೋನು ನಿಲ್ಲಲಿಲ್ಲ.
"ಸೆನ್ಯೋರಾ, ನಿಮ್ಮ ನಾಯಿ ಬೇಕರಿ ಮುಂದಿದೆ."
ಇರುತ್ತದೆ, ದಿನವೂ ಅದೇ ಹೊತ್ತಿಗೆ ಅದು ಅಲ್ಲೇ.
ಒಬ್ಬ ಹುಡುಗ ಕಂಕುಳಲ್ಲಿ ಹೊತ್ತು ತಂದ,
ಏದುಸಿರಲ್ಲಿ ಬಹುಮಾನ ಕೇಳಿದ.
ಕಳೆಯದೆಯೇ ಹನ್ನೊಂದು ಸಲ ಸಿಕ್ಕಿತು.
"ನನ್ನ ಶಾಯಿಯಾಗಿದ್ದರೆ ಈ ಕಾಟ ಇರುತ್ತಿರಲಿಲ್ಲ" ಎಂದು
ನಾನು ಹಂಗಿಸುತ್ತಿದ್ದೆ.

ಹೋದ ಮಾರ್ಚಿನಲ್ಲಿ ಸತ್ತಿತು.
ಹಿತ್ತಿಲ ಅಂಜೂರದ ಬುಡದಲ್ಲಿ ಅವನೇ ಗುಂಡಿ ತೋಡಿದ.

ಜೂನಿನಲ್ಲಿ ಒಂದು ಸಂಜೆ, ಯಾವುದೋ ಹುಡುಗಿಯ ದನಿ:
"ನಿಮ್ಮ ನಾಯಿಯನ್ನು ಈಗಷ್ಟೇ ನೋಡಿದೆ, ಮೆಟ್ಟಿಲ ಹತ್ತಿರ,
ಬಿಳಿ ಕಿವಿ, ಅದೇ."
ಸತ್ತಿದೆಯಮ್ಮಾ ಅನ್ನಬೇಕಿತ್ತು.
"ಯಾವ ಕಡೆಗೆ ಹೋಯಿತು?" ಅಂದುಬಿಟ್ಟೆ.
ತಿರುಗಿದರೆ, ಎಲೆಯುತೇರಿಯೊ ಆಗಲೇ
ಹಳೆ ಬೂಟಿನ ಲಾಡಿ ಕಟ್ಟುತ್ತಿದ್ದಾನೆ.

ಅಲ್ಲಿ ನಾಯಿ ಇರಲಿಲ್ಲ. ಹಾಳೆಯಿತ್ತು.
ಕಂದು ಇನ್ನೂ ಕಂದೇ, ಮೂಗು ಇನ್ನೂ ಒದ್ದೆ.
ಆ ಬಿಳಿ ಕಿವಿ ಮಾತ್ರ ಯಾರ ಶಾಯಿಯೂ ಅಲ್ಲ,
ಬರೀ ಕಾಗದ.
ಕಿತ್ತುಬಿಡೋಣವೇ ಎಂದು ಕೇಳಿದೆ.
ಎದ್ದಿದ್ದ ಮೂಲೆಯ ಟೇಪನ್ನು
ಹೆಬ್ಬೆರಳಲ್ಲಿ ತೀಡಿ ತೀಡಿ ಮತ್ತೆ ಅಂಟಿಸಿದ.
ಆಮೇಲೆ ಕನ್ನಡಕ ಹಾಕಿಕೊಂಡು
ನಮ್ಮದೇ ಫೋನ್ ನಂಬರನ್ನು
ಒಂದೊಂದೇ ಅಂಕಿಯಾಗಿ ಓದಿದ,
ಸರಿಯಾಗಿ ಕಾಣುತ್ತಿದೆಯೇ ಎಂದು.